ಹನ್ನೊಂದು ದೋಣಿಗಳು

ದೋಣಿಯ ಎರಡೂ ಪಕ್ಕದಲ್ಲಿ ದೊಡ್ಡ ಬಿಳಿ ಅಕ್ಷರದಲ್ಲಿ ‘ಕಾವಲು’ ಅಂತ ಬರೆದಿತ್ತು. ಬರೆದವನು ಕಾಪು ಪೇಟೆಯ ಬೋರ್ಡು ಬರೆಯುವವನು, ಅಕ್ಷರ ಮುತ್ತಿನ ಹಾಗೆ. ಆ ದೋಣಿಯಲ್ಲಿ ಸರಿ ಇದ್ದದ್ದು ಅದೊಂದೇ. ಎಂಜಿನು ಕಳ್ಳಸಾಗಣೆಯವರಿಂದ ಹಿಡಿದ ಯಾವುದೋ ಲಾಂಚಿನದ್ದು. ಅವರೇ ಬೇಸತ್ತು ಬಿಟ್ಟು ಓಡಿದ್ದಿರಬೇಕು. ವೈರ್‌ಲೆಸ್ ಇಡುವ ಪೆಟ್ಟಿಗೆ ಇತ್ತು, ವೈರ್‌ಲೆಸ್ ಇರಲಿಲ್ಲ. ಅದರಲ್ಲಿ ನಾವು ಬೆಲ್ಲ ಅವಲಕ್ಕಿ ಇಡುತ್ತಿದ್ದೆವು. ಒಂದು ಬಂದೂಕು ಇತ್ತು, ಅದರ ಬೋಲ್ಟು ರಿಪೇರಿಗೆ ಅಂತ ಮಂಗಳೂರಿಗೆ ಹೋಗಿ ಎರಡು ವರ್ಷ ಆಗಿತ್ತು. ದುರ್ಬೀನಿನ ಒಂದು ಕಣ್ಣಿಗೆ ಬೂಸ್ಟು ಹಿಡಿದಿತ್ತು. ತಿಂಗಳಿಗೆ ನಲವತ್ತು ಲೀಟರ್ ಡೀಸೆಲ್. ಉದ್ಯಾವರದ ಹೊಳೆಬಾಯಿಯಿಂದ ಪಡುಬಿದ್ರಿಯ ತನಕ ಕಡಲು ಕಾಯಬೇಕು, ನಲವತ್ತು ಲೀಟರಿನಲ್ಲಿ. ಆ ಎಂಜಿನು ಗಂಟೆಗೆ ಎಂಟು ಕುಡಿಯುತ್ತಿತ್ತು. ಅಂದರೆ ತಿಂಗಳಿಗೆ ಐದು ಗಂಟೆ ಕಡಲಲ್ಲಿ ಸರಕಾರ, ಉಳಿದ ಹೊತ್ತು ಕಳ್ಳರು.

ನಾನು ಆ ದೋಣಿಯ ಡ್ರೈವರ್, ದೇವದಾಸ, ಎರ್ಮಾಳಿನ ಮೊಗವೀರ. ಇದು ಎಂಬತ್ಮೂರು ಎಂಬತ್ನಾಲ್ಕನೇ ಇಸವಿಯ ಮಾತು. ಕಾಪು ದೀಪಸ್ತಂಭದ ತೆಂಕಿಗೆ ಹೊಯ್ಗೆಯ ಮೇಲೆ, ಅಂದರೆ ದಂಡೆಯ ಮರಳಿನ ಮೇಲೆ, ಸಿಮೆಂಟ್ ಶೀಟಿನ ಒಂದು ಕೋಣೆ, ಅದಕ್ಕೆ ಕಡಲು ಚೌಕಿ ಅಂತ ಹೆಸರು. ಯಾವ ಇಲಾಖೆಯದ್ದು ಅಂತ ಕೇಳಬೇಡಿ. ಅವರ ಪೆನ್ಶನ್ ತಿಂದುಕೊಂಡೇ ಬೈಯುತ್ತಿದ್ದೇನೆ, ಹೆಸರು ಬೇರೆ ಎಂತಕ್ಕೆ.

ಚೌಕಿಯ ಮುಖ್ಯಸ್ಥರು ವಲೇರಿಯನ್ ಸಾಹೇಬರು. ಶಂಕರಪುರದವರು, ಮನೆಯ ಸುತ್ತ ಮಲ್ಲಿಗೆ ಗಿಡ. ಬೆಳಿಗ್ಗೆ ಹೆಂಡತಿ ಆಂಜೆಲಾ ಬಾಯಿಯ ಜೊತೆ ಕೂತು ಹೂ ಕಟ್ಟಿ ಕೊಟ್ಟು ಡ್ಯೂಟಿಗೆ ಬರುವ ಮನುಷ್ಯ, ಕೈಗೆಲ್ಲ ಅದೇ ಪರಿಮಳ. ಕಡಲಿಗೆ ಇಳಿದರೆ ವಾಂತಿ. ಬಾಯಲ್ಲಿ ಶುಂಠಿ ಇಟ್ಟುಕೊಂಡು ಬರುತ್ತಿದ್ದರು, ಶುಂಠಿಯೂ ಹೊರಗೆ ಬರುತ್ತಿತ್ತು. ಆದರೂ ಒಂದು ದಿನ ದೋಣಿ ಹತ್ತುವುದಿಲ್ಲ ಅಂತ ಹೇಳಿದವರಲ್ಲ. ಅವರ ತಪ್ಪು ಒಂದೇ, ಕಾಗದ ಬರೆದರೆ ಕೆಲಸ ಆಗುತ್ತದೆ ಅಂತ ನಂಬಿದ್ದರು. ಡೀಸೆಲ್ ಕೇಳಿ ಅವರು ಬರೆದ ಕಾಗದಗಳನ್ನು ಅಂಟಿಸಿದ್ದರೆ ದೋಣಿಗೆ ಹಾಯಿ ಆಗುತ್ತಿತ್ತು.

ಈಗ ಒಂದು ವಿಷಯ ಹೇಳದಿದ್ದರೆ ಮುಂದಿನದ್ದು ಅರ್ಥ ಆಗುವುದಿಲ್ಲ. ನಮ್ಮ ಕಡಲಲ್ಲಿ ಒಂದು ಕಟ್ಟಳೆ ಉಂಟು. ಎಂಜಿನು ಸತ್ತರೆ, ದೋಣಿಗೆ ನೀರು ನುಗ್ಗಿದರೆ, ಯಾರ ಜೀವಕ್ಕಾದರೂ ಬಂದರೆ, ಹುಟ್ಟನ್ನು ನೆಟ್ಟಗೆ ಎತ್ತಿ ಅದರ ತುದಿಗೆ ಅಂಗಿಯೋ ಲುಂಗಿಯೋ ಕಟ್ಟುವುದು. ಕಂಡವನು ಹೋಗಬೇಕು. ಬಲೆ ಅರ್ಧ ಎಳೆದಿದ್ದರೆ ಬಲೆ ಕಡಿದು ಹೋಗಬೇಕು. ಎತ್ತಿದವನು ಮೊಗವೀರನಾ, ಬ್ಯಾರಿಯಾ, ಕಿರಿಸ್ತಾನನಾ, ನಿನ್ನೆ ಜಗಳ ಮಾಡಿದವನಾ, ಯಾವುದೂ ಕೇಳಲಿಕ್ಕಿಲ್ಲ. ಕಂಡೂ ಹೋಗದೆ ಬಂದವನು ಮುಂದಿನ ಮಳೆಗಾಲ ಮುಗಿದು ಕಡಲಿಗೆ ತೆಂಗಿನಕಾಯಿ ಬಿಡುವ ದಿನದವರೆಗೆ ದೋಣಿ ಇಳಿಸುವ ಹಾಗಿಲ್ಲ. ಅಲ್ಲಿಯವರೆಗೆ ಹಾಗೆ ಶಿಕ್ಷೆ ಆದವನು ನನಗೆ ಗೊತ್ತಿದ್ದ ಹಾಗೆ ಒಬ್ಬನೇ, ಅದೂ ನನ್ನ ಅಜ್ಜನ ಕಾಲದಲ್ಲಿ. ಆ ಮನೆಗೆ ಅದೇ ಅಡ್ಡಹೆಸರು ಉಳಿಯಿತು. ಎಂತ ಹೆಸರು ಅಂತ ಹೇಳುವುದಿಲ್ಲ, ಮೊಮ್ಮಕ್ಕಳು ಒಳ್ಳೆಯವರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೂದು ಬಣ್ಣದ ಲಾಂಚು ಬಂತು. ನಂಬರು ಇಲ್ಲ. ಬೆಳಕು ಹರಿದು ನಮ್ಮವರು ಬಲೆ ಎಳೆಯುವ ಹೊತ್ತಿಗೆ ಅದು ಹುಟ್ಟು ಎತ್ತಿಕೊಂಡು ನಿಲ್ಲುವುದು. ಕಟ್ಟಳೆ ಗೊತ್ತಿದ್ದವರೇ ಇರಬೇಕು, ಇಲ್ಲದಿದ್ದರೆ ಈ ಬುದ್ಧಿ ಬರುವುದಿಲ್ಲ. ಪಾಪ ಅಂತ ಹತ್ತಿರ ಹೋದರೆ ಮೂರು ಜನ ಕತ್ತಿ ಹಿಡಿದು ಹಾರುವುದು. ನೈಲಾನ್ ಬಲೆ, ಔಟ್‌ಬೋರ್ಡ್ ಎಂಜಿನು, ಹಿಡಿದ ಮೀನು, ಎಲ್ಲ ತೆಗೆದುಕೊಂಡು ಬರಿ ದೋಣಿಯನ್ನು ತೇಲಲು ಬಿಟ್ಟು ಹೋಗುವುದು. ಮೊದಲು ಒಂದು, ಹದಿನೈದು ದಿನ ಬಿಟ್ಟು ಇನ್ನೊಂದು, ಡಿಸೆಂಬರಿನಲ್ಲಿ ಮೂರನೆಯದು. ಮೂರನೆಯವನ ಕೈಯ ಎರಡು ಬೆರಳು ಕಡಿದರು. ನಾವು ಹೋಗುವಷ್ಟರಲ್ಲಿ ಅವರು ಕಣ್ಣಿಗೆ ಕಾಣುವಷ್ಟು ದೂರ, ಅಷ್ಟೇ. ಬೆನ್ನು ಹತ್ತಿದರೆ ವಾಪಸು ಬರಲಿಕ್ಕೆ ಡೀಸೆಲ್ ಇಲ್ಲ. ವಲೇರಿಯನ್ ಸಾಹೇಬರು ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಸೀಟಿ ಹಿಡಿದು ಊದಿದರು. ಸೀಟಿ ಊದಿದರೆ ದರೋಡೆಯವರು ನಿಲ್ಲುತ್ತಾರೆ ಅಂತ ಯಾವ ಪುಸ್ತಕದಲ್ಲಿ ಉಂಟೋ ಗೊತ್ತಿಲ್ಲ.

ಬೆರಳು ಹೋದ ಸುದ್ದಿ ಪೇಪರಿನಲ್ಲಿ ಬಂದ ಮೇಲೆ ಇಲಾಖೆಯ ದೊಡ್ಡ ಸಾಹೇಬರು ಬಂದರು. ಘಟ್ಟದ ಮೇಲಿನವರು. ಮಣಿಪಾಲದಲ್ಲಿ ಗೆಸ್ಟ್‌ಹೌಸು, ಅಲ್ಲಿಂದ ಜೀಪಿನಲ್ಲಿ ನಮ್ಮ ಚೌಕಿಗೆ. ಬೂಟಿಗೆ ಹೊಯ್ಗೆ ತಾಗುತ್ತದೆ ಅಂತ ಜೀಪಿನಿಂದ ಇಳಿಯದೆ ಮಾತಾಡಿದರು.

“ಏನ್ರೀ ವಲೇರಿಯನ್, ಮೂರು ದೋಣಿ ಅಂತೀರಾ. ಸತ್ತೋರು ಎಷ್ಟು ಜನ?”

“ಯಾರೂ ಸಾಯ್ಲಿಲ್ಲ ಸರ್. ಡೀಸೆಲ್ ಒಂದು ಇನ್ನೂರು ಲೀಟರ್ ಆದ್ರೂ...”

“ಅದು ಬಿಡಿ. ಕಳ್ರು ಹೆಂಗೆ ಹತ್ರ ಬರ್ತಾರೆ?”

“ಅವರು ಬರುದಲ್ಲ ಸರ್, ಇವರೇ ಹೋಗುದು.” ವಲೇರಿಯನ್ ಸಾಹೇಬರು ಹುಟ್ಟಿನ ವಿಷಯ ವಿವರಿಸಿದರು.

ದೊಡ್ಡ ಸಾಹೇಬರು ನಕ್ಕರು. “ಹಂಗಾದ್ರೆ ಹೋಗ್ಬೇಡಿ ಅಂತ ಹೇಳ್ರೀ. ಮುಗೀತಲ್ಲ. ಡೀಸೆಲ್ಲೂ ಬೇಡ, ಗುಂಡೂ ಬೇಡ.”

“ನಿಜವಾಗಿ ಕಷ್ಟದಲ್ಲಿ ಇದ್ದವನು ಎತ್ತಿದ್ರೆ?”

“ಕಂಡೋರು ದಡಕ್ಕೆ ಬಂದು ನಿಮಗೆ ಹೇಳ್ಲಿ. ನೀವು ಹೋಗಿ ನೋಡಿ. ಇರೋದ್ಯಾಕೆ ನೀವು?”

“ಇದನ್ನು ಬರ್ದು ಕೊಡ್ತೀರಾ ಸರ್?”

“ಎಲ್ಲಾದಕ್ಕೂ ಕಾಗದ ಬೇಕೇನ್ರೀ ನಿಮಗೆ.”

ಜೀಪು ಹೋಯಿತು. ನೂರು ವರ್ಷದ ಕಟ್ಟಳೆಯನ್ನು ಅವರು ಜೀಪಿನ ಸೀಟಿನಲ್ಲಿ ಕೂತು ಎರಡು ನಿಮಿಷದಲ್ಲಿ ತೆಗೆದರು. ಆದರೆ ಬೈಗುಳ ಎಲ್ಲ ಅವರಿಗೇ ಕೊಟ್ಟರೆ ಸರಿ ಆಗುವುದಿಲ್ಲ. ಅವರು ಹೇಳಿದರೆ ನಮ್ಮ ಎರ್ಮಾಳಿನವರು ಕಿವಿಗೂ ಹಾಕಿಕೊಳ್ಳುತ್ತಿರಲಿಲ್ಲ. ಕೇಳುವ ಹಾಗೆ ಮಾಡಿದವನು ನಾನು.

ಭಜನಾ ಮಂದಿರದಲ್ಲಿ ಊರಿನ ಸಭೆ ಕರೆದೆ. ಗುರಿಕಾರ, ಅಂದರೆ ಊರಿನ ಮೊಗವೀರರ ಹಿರಿಯ, ಭುಜಂಗಜ್ಜ. ಎಪ್ಪತ್ತು ದಾಟಿತ್ತು, ಆಗಲೂ ದಿನಾ ಕಡಲಿಗೆ ಹೋಗುವವರು. ನಾನು ಹೇಳಿ ಮುಗಿಸಿದ ಮೇಲೆ ಅವರು ವೀಳ್ಯದೆಲೆಯ ನಾರು ತೆಗೆಯುತ್ತಾ ಹೇಳಿದರು.

“ಎತ್ತಿದ ಹುಟ್ಟಿಗೆ ಬೆನ್ನು ಹಾಕುದು ನಮ್ಮಲ್ಲಿ ಇಲ್ಲ, ದೇವದಾಸ.”

“ಬೆನ್ನು ಹಾಕುದಲ್ಲ ಅಜ್ಜ. ಬಂದು ನನಗೆ ಹೇಳುದು. ನಾನು ಹೋಗ್ತೇನೆ.”

“ನಿನ್ನ ದೋಣಿ ಶೋಕಿಗೆ ನಿಲ್ಸಿದ್ದಲ್ವಾ ಮಾರಾಯ.” ಹಿಂದಿನಿಂದ ಯಾರೋ ಹೇಳಿದರು, ನಾಲ್ಕು ಜನ ನಕ್ಕರು.

ಆ ನಗೆ ನನಗೆ ತಾಗಿತು. ಎದ್ದು ಹೋಗಿ ಉರಿಯುವ ದೀಪ ಮುಟ್ಟಿದೆ. “ಎಷ್ಟು ಹೊತ್ತಿಗಾದ್ರೂ ನಾನು ಹೋಗ್ತೇನೆ. ನೀವೂ ಮುಟ್ಟಿ, ಕಳ್ಳರು ಸಿಕ್ಕುವವರೆಗೆ ಯಾರೂ ಹುಟ್ಟಿನ ಹತ್ರ ಹೋಗುದಿಲ್ಲ ಅಂತ.”

ಸರಕಾರದ ಆಜ್ಞೆ ಆಗಿದ್ದರೆ ಅದನ್ನು ಮುರಿಯಬಹುದಿತ್ತು. ದೀಪ ಮುಟ್ಟಿದ ಮಾತು ಮುರಿಯಲಿಕ್ಕೆ ಆಗುವುದಿಲ್ಲ. ಅದು ನಮ್ಮವರಲ್ಲಿ ಇಲ್ಲ. ನನಗೆ ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ. ಒಬ್ಬೊಬ್ಬರೇ ಬಂದು ಮುಟ್ಟಿದರು. ಭುಜಂಗಜ್ಜ ಕಡೆಗೆ ಮುಟ್ಟಿದರು, ಮುಟ್ಟಿ ನನ್ನ ಮುಖ ನೋಡದೆ ಹೊರಗೆ ಹೋದರು. ಬ್ಯಾರಿಗಳ ದೋಣಿಯವರಿಗೆ ಶುಕ್ರವಾರದ ನಮಾಜು ಮುಗಿದ ಮೇಲೆ ಕುಂಞಿ ಮೊಹಮ್ಮದ್ ಬ್ಯಾರಿ ಇದನ್ನೇ ಹೇಳಿದರು, ಅವರೂ ಒಪ್ಪಿದರು. ಕಾಪುವಿನಲ್ಲಿ ಕೊಬ್ಬರಿ, ಬೆಲ್ಲದ ಅಂಗಡಿ ಅವರದ್ದು, ಒಂದು ಲಾರಿ ಇತ್ತು, ಅವರ ಮಾತು ನಡೆಯುತ್ತಿತ್ತು.

ಜನವರಿಯ ಒಂದು ಸೋಮವಾರ ಮಮ್ಮು ಕಡಲಿಗೆ ಹೋದವನು ಬರಲಿಲ್ಲ.

ಮಮ್ಮು ಬ್ಯಾರಿಗಳ ಹುಡುಗ ಅಂತ ಹೇಳುತ್ತಿದ್ದೆವು, ಮೂವತ್ತು ಆಗಿತ್ತು. ಮಲ್ಪೆಯ ಒಂದು ಎಂಜಿನ್ ರಿಪೇರಿ ಶೆಡ್ಡಿನಲ್ಲಿ ಏಳು ವರ್ಷ ಕೆಲಸ ಮಾಡಿ, ಆಮೇಲೆ ಒಂದು ಸಣ್ಣ ಪಾತಿ ದೋಣಿ ಮಾಡಿಕೊಂಡಿದ್ದ. ಒಬ್ಬನೇ ಹೋಗಿ ಗಾಳ ಹಾಕುವವ. ಎರ್ಮಾಳು ಕಾಪುವಿನಲ್ಲಿ ಯಾರ ಔಟ್‌ಬೋರ್ಡ್ ಕೆಟ್ಟರೂ ಅವನೇ ಬಿಚ್ಚಿ ಸರಿ ಮಾಡಬೇಕು. ತಾಯಿ ರುಕಿಯಮ್ಮ ಮಂಗಳವಾರ ಬೆಳಿಗ್ಗೆಯೇ ನಮ್ಮ ಚೌಕಿಯ ಜಗಲಿಗೆ ಬಂದು ಕೂತರು. ಅಳುವುದಿಲ್ಲ, ಬೈಯುವುದಿಲ್ಲ. ದೋಣಿಯನ್ನು ನೋಡುವುದು, ನನ್ನನ್ನು ನೋಡುವುದು.

“ಈ ದೋಣಿ ಹೋಗುದಿಲ್ವಾ ಮಗಾ?” ಮಧ್ಯಾಹ್ನ ಕೇಳಿದರು.

ಹೋಗುವುದಿಲ್ಲ. ಯಾಕೆ ಅಂತ ಅವರಿಗೆ ಹೇಳಲಿಕ್ಕೆ ನನಗೆ ನಾಲಿಗೆ ಬರಲಿಲ್ಲ, ಈಗ ಹೇಳುತ್ತೇನೆ. ಭಾನುವಾರ ದೊಡ್ಡ ಸಾಹೇಬರ ಮನೆಯವರಿಗೆ ಮಲ್ಪೆಯ ಆಚೆಯ ದ್ವೀಪ ನೋಡಬೇಕಾಗಿತ್ತು. ಅವರ ಹೆಂಡತಿ, ಹೆಂಡತಿಯ ತಂಗಿ, ಮಕ್ಕಳು, ಒಂದು ಟೇಪ್‌ರೆಕಾರ್ಡರ್. ನಮ್ಮ ಕಾವಲು ದೋಣಿಯಲ್ಲೇ ಹೋದರು, ನಾನೇ ನಡೆಸಿದೆ. ತಂಗಿಗೆ ಮೀನು ಹಾರುವುದನ್ನು ನೋಡಬೇಕು ಅಂತ ದ್ವೀಪಕ್ಕೆ ಎರಡು ಸುತ್ತು ಹಾಕಿಸಿದರು. ಆ ತಿಂಗಳ ಡೀಸೆಲ್ ಅಲ್ಲಿಗೆ ಮುಗಿಯಿತು. ಮುಂದಿನದ್ದಕ್ಕೆ ಬಂಕಿನವರಿಗೆ ದೊಡ್ಡ ಸಾಹೇಬರ ರುಜು ಬೇಕು. ದೊಡ್ಡ ಸಾಹೇಬರು ಕಾರ್ಕಳದ ಬಂಗಲೆಯಲ್ಲಿ ಯಾವುದೋ ತಪಾಸಣೆಗೆ ಅಂತ ಕೂತಿದ್ದರು. ವಲೇರಿಯನ್ ಸಾಹೇಬರು ಬುಧವಾರ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ ಸಂಜೆಯವರೆಗೆ ಬಂಗಲೆಯ ಹೊರಗೆ ನಿಂತು ಬಂದರು. ಊಟ ಆಗಿ ಮಲಗಿದ್ದಾರೆ, ಎದ್ದು ಹೊರಗೆ ಹೋಗಿದ್ದಾರೆ, ನಾಳೆ ಬನ್ನಿ. ಗುರುವಾರ ಮತ್ತೆ ಹೋದರು.

ಮಮ್ಮುವನ್ನು ಹುಡುಕಿದ್ದು ಊರಿನವರು, ಅವರವರ ಡೀಸೆಲ್, ಸೀಮೆಎಣ್ಣೆ ಸುಟ್ಟು. ಸಿಕ್ಕಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತರ ಮೇಲೆ ದೋಣಿಗಳು ಒಂದರ ಹಿಂದೆ ಒಂದು ನಮ್ಮ ಚೌಕಿಯ ಎದುರಿಗೇ ಬರಲಿಕ್ಕೆ ಶುರು ಆಯಿತು. ಅಲ್ಲಿ ಯಾರೂ ದೋಣಿ ಹಾಕುವುದಿಲ್ಲ, ಕಲ್ಲು ಉಂಟು. ಭುಜಂಗಜ್ಜ ಸೊಂಟದವರೆಗಿನ ನೀರಿನಲ್ಲಿ ನಿಂತೇ ಹೇಳಿದರು. ಮೇಲೆ ಬರಲಿಲ್ಲ.

“ಬೂದು ಲಾಂಚು. ದೀಪಸ್ತಂಭದ ತಲೆ ಮೇಲೆ ಕುದುರೆಮುಖದ ಗುಡ್ಡ ಕೂರ್ತದಲ್ಲ, ಆ ಗೆರೆಯಲ್ಲಿ, ಹದಿನೈದು ಮಾರು ನೀರಲ್ಲಿ. ಹುಟ್ಟು ಎತ್ತಿದ್ದಾರೆ.”

“ಎಷ್ಟು ಜನ?”

“ಕಂಡದ್ದು ಒಬ್ಬ. ಮಮ್ಮು.”

ಜಗಲಿಯಲ್ಲಿ ರುಕಿಯಮ್ಮ ಎದ್ದು ನಿಂತರು.

“ಒಳಗೆ ಅವರು ಅಡಗಿ ಕೂತು ಇವನನ್ನು ಗಾಳಕ್ಕೆ ಕಟ್ಟಿದ ಹಾಗೆ ಕಟ್ಟಿದ್ದಾರೋ, ಗೊತ್ತಿಲ್ಲ. ನಾವು ದೀಪ ಮುಟ್ಟಿದ್ದು. ನೀನು ಹೋಗ್ತೇನೆ ಅಂದಿದ್ದಿ. ಹೋಗು.”

ಹನ್ನೊಂದು ದೋಣಿಯವರೂ ಅದನ್ನೇ ಹೇಳಿದರು. ಒಂದು ಮಮ್ಮುವಿನ ಭಾವ ಇದ್ರೀಸನದ್ದು, ಅವನ ಅಕ್ಕನ ಗಂಡ. ಅವನು ನನ್ನ ಕಾಲರು ಹಿಡಿದ. “ಹೋಗು, ಹೋಗು” ಅಂತ ಅಷ್ಟೇ ಹೇಳಿದ. ಹೆಚ್ಚಿನವರ ಎಂಜಿನಿಗೆ ಸೀಮೆಎಣ್ಣೆ, ಡೀಸೆಲ್ ಇದ್ದವರದ್ದು ಹುಡುಕಿ ಹುಡುಕಿ ಮುಗಿದಿತ್ತು. ಮಾತು ಉಳಿಸಿಕೊಂಡವರು ಅವರು ಹನ್ನೊಂದು ಜನ. ಮಾತು ತೆಗೆದುಕೊಂಡವನ ಟ್ಯಾಂಕು ಖಾಲಿ.

ಕಾಪು ಪೋಸ್ಟಾಫೀಸಿಗೆ ಓಡಿ ಕಾರ್ಕಳಕ್ಕೆ ಫೋನು ಮಾಡಿಸಿದೆ. ಬಂಗಲೆ ನೋಡಿಕೊಳ್ಳುವ ಮೇಟಿ ಎತ್ತಿದ. ಸಾಹೇಬರು ಸ್ನಾನಕ್ಕೆ ಹೋಗಿದ್ದಾರಂತೆ. ಹೊರಗೆ ವಲೇರಿಯನ್ ಸಾಹೇಬರು ಇದ್ದಾರಾ ಅಂತ ಕೇಳಿದೆ. “ಯಾರೋ ಒಬ್ರು ಛತ್ರಿ ಹಿಡ್ಕೊಂಡು ಗೇಟಲ್ಲಿ ಇದ್ದಾರೆ” ಅಂದ. ಬಂಕಿಗೆ ಹೋದೆ, ರುಜು ಇಲ್ಲದೆ ಆಗುವುದಿಲ್ಲ ಅಂದರು. ಅಲ್ಲಿಂದ ಕುಂಞಿ ಮೊಹಮ್ಮದ್ ಬ್ಯಾರಿಯ ಅಂಗಡಿಗೆ. ಲಾರಿ ಕೊಬ್ಬರಿ ಹೇರಿ ಹೊರಡಲು ನಿಂತಿತ್ತು.

“ಸರಕಾರಕ್ಕೆ ನಾನು ಡೀಸೆಲ್ ಕೊಡುದಾ?” ಬ್ಯಾರಿ ಹೇಳಿದರು. “ಮುಂದಿನ ವಾರ ಅಕ್ಕಿಯೂ ಕೇಳ್ಬಹುದು ನೀವು. ಅದರ ಮುಂದಿನ ವಾರ ಹುಡುಗಿ ಕೊಡಿ, ಇನ್‌ಸ್ಪೆಕ್ಟರಿಗೆ ಮದುವೆ ಆಗ್ಲಿಲ್ಲ ಅಂತ ಬನ್ನಿ.” ಹೇಳುತ್ತಿದ್ದ ಹಾಗೆಯೇ ರಬ್ಬರ್ ಪೈಪು ಲಾರಿಯ ಟ್ಯಾಂಕಿಗೆ ಇಳಿಸಿ ಬಾಯಿಯಿಂದ ಎಳೆದಿದ್ದರು. ಬಾಯಿಗೆ ಬಂದದ್ದನ್ನು ಉಗುಳಿ ಕ್ಯಾನು ಹಿಡಿದರು. “ನಾನೂ ಬರ್ತೇನೆ. ನನ್ನ ಡೀಸೆಲ್ ಎಲ್ಲಿಗೆ ಹೋಗ್ತದೆ ಅಂತ ನೋಡ್ಬೇಕಲ್ವಾ.”

ಹೊರಟಾಗ ಹನ್ನೆರಡು ದಾಟಿತ್ತು. ಬಿಳಿ ಮುಂಡಿನ ಬ್ಯಾರಿ, ಬೋಲ್ಟು ಇಲ್ಲದ ಬಂದೂಕು, ನಾನು. ಒಳಗೆ ಕತ್ತಿಯವರು ಇದ್ದಿದ್ದರೆ ನಮ್ಮನ್ನು ಅಲ್ಲೇ ಮೀನಿಗೆ ಹಾಕುತ್ತಿದ್ದರು. ಪಡುಗಾಳಿ ಎದ್ದಿತ್ತು, ಲಾಂಚು ಆ ಗೆರೆಯಲ್ಲಿ ಇರಲಿಲ್ಲ. ನೀರಿನ ಸೆಳೆತಕ್ಕೆ ಬಡಗು ಮುಖವಾಗಿ ತೇಲಿ ಹೋಗಿತ್ತು. ಎರಡು ಗಂಟೆ ಹುಡುಕಿದೆವು, ಒಂದೇ ಕಣ್ಣಿನ ದುರ್ಬೀನಿನಲ್ಲಿ.

ಸಿಕ್ಕಿದಾಗ ಮಮ್ಮು ಲಾಂಚಿನ ಹಿಂಬದಿಯಲ್ಲಿ ಕೂತಿದ್ದ. ಹುಟ್ಟನ್ನು ಕಂಬಕ್ಕೆ ಹಗ್ಗದಲ್ಲಿ ಬಿಗಿದಿದ್ದ, ಹಿಡಿಯಲಿಕ್ಕೆ ಕೈಯಲ್ಲಿ ಶಕ್ತಿ ಇರಲಿಲ್ಲ. ಅಂಗಿ ಅದರ ತುದಿಯಲ್ಲಿ, ಬೆನ್ನಿನ ಚರ್ಮ ಬೆಂದ ಹಾಗೆ. ಒಂದು ಕಣ್ಣು ಮುಚ್ಚಿ ಊದಿಕೊಂಡಿತ್ತು. ಲಾಂಚಿನಲ್ಲಿ ಬೇರೆ ಯಾರೂ ಇರಲಿಲ್ಲ. ಕದ್ದ ಬಲೆಗಳ ರಾಶಿ, ಅಷ್ಟೇ.

ಬ್ಯಾರಿ ನೀರು ಕುಡಿಸಿದರು. ಅವನು ಮೊದಲು ಹೇಳಿದ ಮಾತು, “ಹನ್ನೊಂದು.”

“ಎಂತದ್ದು?”

“ಹನ್ನೊಂದು ದೋಣಿ. ಎಲ್ಲ ಗೊತ್ತುಂಟು ನನಗೆ, ಯಾರ್ಯಾರದ್ದು ಅಂತ. ಆರರ ಎಂಜಿನು ನಾನೇ ಸರಿ ಮಾಡಿದ್ದು.”

ಆಮೇಲೆ ಸ್ವಲ್ಪ ಸ್ವಲ್ಪವೇ ಹೇಳಿದ. ಸೋಮವಾರ ಅವನನ್ನು ಹಿಡಿದಾಗ ಲಾಂಚಿನ ಎಂಜಿನು ಹೊಗೆ ಕಾರುತ್ತಿತ್ತಂತೆ. ಅವನ ಔಟ್‌ಬೋರ್ಡಿನ ಮುಚ್ಚಳ ತೆರೆದದ್ದು, ಕೈಯ ಗ್ರೀಸು, ಎಲ್ಲ ನೋಡಿ, ಇವನಿಗೆ ಕೆಲಸ ಗೊತ್ತುಂಟು ಅಂತ ಮೇಲೆ ಎಳೆದುಕೊಂಡರು. ಕುತ್ತಿಗೆಗೆ ಕತ್ತಿ ಇಟ್ಟು ಸರಿ ಮಾಡು ಅಂದರು. ಇವನು ಬಿಚ್ಚಿದ. ಡೀಸೆಲ್ ಚಿಮ್ಮುವ ನಾಜಲ್, ಹೆಬ್ಬೆರಳಿನಷ್ಟು ದೊಡ್ಡ ಸಾಮಾನು, ಕೈ ಜಾರಿದ ಹಾಗೆ ಮಾಡಿ ಕಡಲಿಗೆ ಬಿಟ್ಟ. ಅದು ಇಲ್ಲದೆ ಎಂಜಿನು ಬರಿ ಕಬ್ಬಿಣ.

“ಇವರು ಇನ್ನು ಯಾರ ಬೆರಳೂ ಕಡಿಬಾರ್ದು ಅಂತ” ಅಂದ.

ಹೊಡೆದರು. ಇವನು ಸತ್ತ ಅಂತ ಬಿಟ್ಟು, ಮಂಗಳವಾರ ಬೆಳಿಗ್ಗೆ ಅವನ ಪಾತಿಯಲ್ಲೇ ಮೂವರೂ ತಪ್ಪಿಸಿಕೊಂಡು ಹೋದರು. ಅರ್ಥ ಆಯಿತಲ್ಲ? ಇಲಾಖೆಯಲ್ಲ, ಪೇಪರಿನವರಲ್ಲ, ಜೀಪಿನ ಸಾಹೇಬರಲ್ಲ, ನಾನಂತೂ ಅಲ್ಲವೇ ಅಲ್ಲ. ಆ ಲಾಂಚನ್ನು ನಿಲ್ಲಿಸಿದವನು ಮಮ್ಮು ಒಬ್ಬನೇ, ಬರಿ ಕೈಯಲ್ಲಿ.

ಲಾಂಚನ್ನು ಕಟ್ಟಿ ಎಳೆದುಕೊಂಡು ಬರುವ ದಾರಿಯಲ್ಲಿ ಅವನು ಒಂದು ಪ್ರಶ್ನೆ ಕೇಳಿದ. “ಯಾಕೆ ಬರ್ಲಿಲ್ಲ ದೇವದಾಸಣ್ಣ? ಇದ್ರೀಸ್ ಬಾವ ಕೂಡ.” ಅವನಿಗೆ ಗೊತ್ತಿರಲಿಲ್ಲ. ನಮಾಜಿನ ಮೇಲೆ ಬ್ಯಾರಿ ಹೇಳಿದ ಆ ಶುಕ್ರವಾರ ಅವನು ಮಲ್ಪೆಯಲ್ಲಿದ್ದ, ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ದೀಪ ಮುಟ್ಟಿಸಿದ್ದನ್ನೂ ಹೇಳಿದೆ. ಅವನು ಆಮೇಲೆ ದಡ ಮುಟ್ಟುವವರೆಗೆ ನನ್ನ ಕಡೆ ತಿರುಗಲಿಲ್ಲ.

ಮಾರನೇ ದಿನ ದೊಡ್ಡ ಸಾಹೇಬರು ಬಂದರು, ಫೋಟೋದವನನ್ನೂ ಕರೆದುಕೊಂಡು. ಅವತ್ತು ಬೂಟಿಗೆ ಹೊಯ್ಗೆ ತಾಗಿದರೂ ಚಿಂತೆ ಇರಲಿಲ್ಲ. ಲಾಂಚಿನ ಮೇಲೆ ಕಾಲಿಟ್ಟು ತೆಗೆಸಿಕೊಂಡರು. ಆಮೇಲೆ ಕೇಳಿದರು, “ಸಿಕ್ಕೋರು ಯಾರು?”

ವಲೇರಿಯನ್ ಸಾಹೇಬರು ನಡೆದದ್ದು ಹೇಳಿದರು.

“ಅಂದ್ರೆ ಲಾಂಚಲ್ಲಿ ಇದ್ದೋನು ಒಬ್ಬ. ಎಂಜಿನ್ ಕೆಲ್ಸ ಬಲ್ಲೋನು. ಎಂಜಿನ್ ಬಿಚ್ಚಿದಾನೆ. ಹುಟ್ಟು ಎತ್ತಿ ದೋಣಿಗಳನ್ನ ಕರೆದಿದಾನೆ.” ಬೆರಳು ಮಡಚಿ ಮಡಚಿ ಎಣಿಸಿದರು. “ಇವ್ನು ಅವ್ರ ಮೆಕ್ಯಾನಿಕ್ ಕಣ್ರೀ. ಪಾಲಲ್ಲಿ ಜಗಳ ಆಗಿ ಬಿಟ್ಟು ಹೋಗಿದಾರೆ.”

“ಮೂರು ದಿನ ನೀರಿಲ್ಲದೆ ಬಿದ್ದಿದ್ದ ಸರ್” ಅಂದೆ ನಾನು.

“ನೀನು ಡ್ರೈವರಲ್ವಾ?”

“ಹೌದು.”

“ಡ್ರೈವ್ ಮಾಡು.”

ಲಾಂಚು ಸಿಕ್ಕಿ ಕಳ್ಳ ಸಿಕ್ಕದಿದ್ದರೆ ಫೋಟೋಗೆ ಬೆಲೆ ಇಲ್ಲ. ಅದಕ್ಕೆ ಒಬ್ಬ ಬೇಕಿತ್ತು. ಮಮ್ಮುವನ್ನು ಚಾಪೆಯಿಂದ ಎಬ್ಬಿಸಿ ಪೊಲೀಸರಿಗೆ ಕೊಟ್ಟರು, ಉಡುಪಿಗೆ ಕೊಂಡುಹೋದರು. ಮಹಜರಿಗೆ ನಾನು ರುಜು ಹಾಕಲಿಲ್ಲ. ವಲೇರಿಯನ್ ಸಾಹೇಬರು ಹಾಕಿದರು, ಕೆಳಗೆ ‘ನಾನು ಸ್ಥಳದಲ್ಲಿ ಇರಲಿಲ್ಲ’ ಅಂತ ಚಂದದ ಅಕ್ಷರದಲ್ಲಿ ಬರೆದರು. ನಿಜವನ್ನೇ ಬರೆದರು. ಅದರಿಂದ ಯಾರಿಗೆ ಎಂತ ಉಪಕಾರ? ರುಕಿಯಮ್ಮ ಜೀಪಿನ ಹಿಂದೆ ಹೈವೇಯವರೆಗೆ ನಡೆದುಕೊಂಡು ಹೋದರು. ನಾನು ನಿಲ್ಲಿಸಲು ಹೋದೆ. “ನೀನು ಕರೆದು ತಂದದ್ದು ಇದಕ್ಕಾ?” ಅಂತ ಕೇಳಿದರು.

ಕುಂಞಿ ಮೊಹಮ್ಮದ್ ಬ್ಯಾರಿ ಉಡುಪಿಯಲ್ಲಿ ಒಬ್ಬ ವಕೀಲರನ್ನು ಹಿಡಿದರು. ವಕೀಲರು ಹೇಳಿದ್ದು ಒಂದೇ ಮಾತು. ಅವನು ಒಬ್ಬನೇ ಇದ್ದ, ಸಹಾಯಕ್ಕೆ ಕೂಗಿದ, ಅಂತ ಕಣ್ಣಾರೆ ಕಂಡವರು ಬಂದು ಕೋರ್ಟಿನಲ್ಲಿ ಹೇಳಬೇಕು. ಡೀಸೆಲ್ ಕೊಟ್ಟವನ, ಎಳೆದು ತಂದವನ ಮಾತು ಸಾಲುವುದಿಲ್ಲ. ಕೂಗಿದ್ದನ್ನು ಕೇಳಿದವರು ಬೇಕು.

ಕೇಳಿದವರು ಹನ್ನೊಂದು ದೋಣಿಯವರು. ಮನೆ ಮನೆಗೆ ಹೋದೆ.

“ದೂರ ಇತ್ತು, ಸರಿ ಕಾಣ್ಲಿಲ್ಲ” ಅಂದ ಒಬ್ಬ. ಅವನೇ ನನಗೆ ಅಂಗಿಯ ಬಣ್ಣ ಹೇಳಿದ್ದ.

“ಕಂಡದ್ದು ಹೌದು ಅಂತ ಹೇಳಿದ್ರೆ ಕಟ್ಟಳೆ ಪ್ರಕಾರ ದೋಣಿ ಮೇಲೆ ಹಾಕ್ಬೇಕು. ಏಳು ತಿಂಗ್ಳು. ಮನೆಯವರು ಹೊಯ್ಗೆ ತಿನ್ನುದಾ?” ಅಂದ ಇನ್ನೊಬ್ಬ.

“ನೀವು ದೀಪ ಮುಟ್ಟಿದ್ದಲ್ವಾ, ಅದಕ್ಕೆ ಹೋಗ್ಲಿಲ್ಲ ಅಂತ ಹೇಳಿ” ಅಂದೆ.

“ಯಾರು ಮುಟ್ಟಿಸಿದ್ದು ಅಂತ ಕೇಳ್ತಾರೆ. ದೇವದಾಸ. ದೇವದಾಸನಿಗೆ ಯಾರು ಹೇಳಿದ್ದು ಅಂತ ಕೇಳ್ತಾರೆ. ಸಾಹೇಬರು. ಸಾಹೇಬರು ಹೇಳಿದ್ದಕ್ಕೆ ಕಾಗದ ಉಂಟಾ?”

ಇರಲಿಲ್ಲ. ಅಂಥ ಆಜ್ಞೆ ನಾನು ಕೊಟ್ಟೇ ಇಲ್ಲ, ನಾನು ಕೊಟ್ಟರೆ ಬರೆದೇ ಕೊಡುತ್ತೇನೆ, ಅಂತ ದೊಡ್ಡ ಸಾಹೇಬರು ಆಗಲೇ ಪೇಪರಿನವರ ಹತ್ತಿರ ಹೇಳಿದ್ದರು. ಇದ್ರೀಸ್ ಬಾಗಿಲೇ ತೆರೆಯಲಿಲ್ಲ. ಒಳಗಿನಿಂದ ಅವನ ಹೆಂಡತಿ, ಮಮ್ಮುವಿನ ಅಕ್ಕ, ಅವನನ್ನು ಬೈಯುವುದು ಹೊರಗೆ ಕೇಳುತ್ತಿತ್ತು.

ಭುಜಂಗಜ್ಜನ ಮನೆಗೆ ಕಡೆಗೆ ಹೋದೆ. ಅವರು ಅಂಗಳದಲ್ಲಿ ಬಲೆಯ ಹರಕು ಹೊಲಿಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು, “ಯಾವತ್ತು?”

“ನಾಡಿದ್ದು. ಆದ್ರೆ ಅಜ್ಜ, ನೀವು ಹೇಳಿದ್ರೆ ನಿಮ್ಮ ದೋಣಿ...”

“ಶಿಕ್ಷೆ ಹಾಕ್ಬೇಕಾದವ ನಾನು. ಶಿಕ್ಷೆ ಆಗ್ಬೇಕಾದವನೂ ನಾನು. ಸುಲಭ ಆಯ್ತಲ್ಲ.” ಸೂಜಿ ನಿಲ್ಲಿಸಲಿಲ್ಲ. “ನೀನು ಎಂತ ಹೇಳ್ತಿ ಅಲ್ಲಿ?”

“ಸಾಹೇಬರು ಹೇಳಿದ್ದು, ನಾನು ಮುಟ್ಟಿಸಿದ್ದು, ದ್ವೀಪಕ್ಕೆ ಹೋದದ್ದು, ಎಲ್ಲ ಹೇಳ್ತೇನೆ.”

“ಕೆಲಸ ಹೋಗ್ತದೆ.”

“ಹೋಗ್ಲಿ.”

“ಹೋಗ್ಲೇಬೇಕು” ಅಂದರು ಅಜ್ಜ.

ಹನ್ನೊಂದರಲ್ಲಿ ನಾಲ್ಕು ಜನ ಬಂದರು. ಏಳು ಜನ ಅವತ್ತು ಕಡಲಿಗೆ ಹೋದರು, ಬಂಗುಡೆ ಚೆನ್ನಾಗಿ ಬಿತ್ತಂತೆ. ಅವರ ಹೆಸರೂ ನನಗೆ ಗೊತ್ತುಂಟು, ಎಲ್ಲರೂ ಸತ್ತಿಲ್ಲ.

ಕೋರ್ಟಿನಲ್ಲಿ ನಾನು ಹೇಳಬೇಕಾದ್ದು ಹೇಳಿದೆ. ಭುಜಂಗಜ್ಜ ತುಳುವಿನಲ್ಲಿ ಹೇಳಿದರು, ಗುಮಾಸ್ತ ಕನ್ನಡ ಮಾಡಿದ. “ಅವನು ಒಬ್ಬನೇ ಇದ್ದ. ‘ಭುಜಂಗಜ್ಜೆರೇ’ ಅಂತ ಹೆಸರು ಹಿಡಿದು ಕರೆದ. ಎರಡು ಸಲ. ನಾನು ಕೇಳಿದೆ. ಎಂಜಿನು ತಿರುಗಿಸಿ ಬಂದೆ.” ನ್ಯಾಯಾಧೀಶರು, ಯಾಕೆ ಬಂದಿರಿ ಅಂತ ಕೇಳಿದರು. ಅಜ್ಜ ನನ್ನ ಕಡೆ ಬೆರಳು ತೋರಿಸಬಹುದಿತ್ತು, ತೋರಿಸಲಿಲ್ಲ. “ಬರಬಾರದಿತ್ತು” ಅಂದರು. ಇನ್ನಿಬ್ಬರು ಅದನ್ನೇ ಹೇಳಿದರು. ಇದ್ರೀಸ್ ತಡವಾಗಿ ಬಂದ, ಬಾಗಿಲಲ್ಲಿ ನಿಂತು, “ನಾನೂ ಕೇಳಿದ್ದು ಹೌದು” ಅಂತ ಕೂಗಿದ. ಪೊಲೀಸಿನವ ಸುಮ್ಮನಿರಿಸಿ ಒಳಗೆ ಕರೆದುಕೊಂಡು ಬಂದ. ಹತ್ತೊಂಬತ್ತು ದಿನ ಒಳಗೆ ಇಟ್ಟುಕೊಂಡ ಮಮ್ಮುವನ್ನು ಮಧ್ಯಾಹ್ನ ಬಿಟ್ಟರು. ಕತ್ತಿಯ ಆ ಮೂವರು ಇವತ್ತಿನವರೆಗೆ ಸಿಕ್ಕಲಿಲ್ಲ, ಯಾರೂ ಹುಡುಕಲೂ ಇಲ್ಲ. ದೊಡ್ಡ ಸಾಹೇಬರಿಗೆ ಮಾರ್ಚಿನಲ್ಲಿ ಪ್ರಮೋಷನ್ ಆಯಿತು. ನನ್ನನ್ನು ಸಸ್ಪೆಂಡ್ ಮಾಡಿ, ಎರಡು ವರ್ಷ ಬಿಟ್ಟು ಒಂದು ಗೋಡೌನಿನ ಬಾಗಿಲಿಗೆ ಹಾಕಿದರು.

ಅವತ್ತು ಕೋರ್ಟಿನ ಹೊರಗೆ ಮಮ್ಮು ಮೆಟ್ಟಿಲು ಇಳಿದು ಬಂದಾಗ ಭುಜಂಗಜ್ಜ ಎದುರಿಗೆ ಹೋಗಿ ಕೈ ಮುಗಿದರು.

“ಕೈ ಮುಗಿಬೇಡಿ ಅಜ್ಜ” ಅಂದ ಮಮ್ಮು. “ನಿಜವಾಗಿ ಕೇಳಿತ್ತಾ ನಿಮಗೆ?”

“ಕೇಳಿತ್ತು ಮಗಾ.”

“ನನ್ನ ಸ್ವರವೇ ಹೋಗಿದೆ ಅಂತ ಅನ್ಸಿತ್ತು. ಬಾಯಿ ತೆರೀತೇನೆ, ಸ್ವರ ಇಲ್ಲ, ಅಂತ. ಅಲ್ಲಿ ಕೂತು ಅದೊಂದೇ ಹೆದರಿಕೆ ಇದ್ದದ್ದು.” ಅಜ್ಜನ ಕೈ ಹಿಡಿದು ಕೆಳಗೆ ಇಳಿಸಿದ. ಇದ್ರೀಸ್ ದೂರ ನಿಂತು ಅಳುತ್ತಿದ್ದ, ಅವನ ಹೆಗಲಿಗೂ ಒಂದು ತಟ್ಟಿದ.

ಎಲ್ಲರೂ ಬಸ್‌ಸ್ಟ್ಯಾಂಡಿಗೆ ನಡೆದೆವು. ರುಕಿಯಮ್ಮ ಮುಂದೆ, ಮಗನ ತೋಳು ಬಿಡದೆ. ಪಡುಬಿದ್ರಿಯ ಬಸ್ಸು ನಿಂತಿತ್ತು, ಅರ್ಧ ಖಾಲಿ. ರುಕಿಯಮ್ಮ ಹತ್ತಿದರು, ಅಜ್ಜ ಹತ್ತಿದರು, ಇದ್ರೀಸ್, ಇನ್ನಿಬ್ಬರು, ಕುಂಞಿ ಮೊಹಮ್ಮದ್ ಬ್ಯಾರಿ. ಮಮ್ಮು ಎಲ್ಲರೂ ಹತ್ತುವವರೆಗೆ ಕೆಳಗೆ ನಿಂತಿದ್ದ. ನಾನು ಕಂಬಿಗೆ ಕೈ ಹಾಕಿ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೆ. ಅವನು ನನ್ನ ಮುಂದೆ ಬಂದು ಬಾಗಿಲಿಗೆ ಅಡ್ಡ ನಿಂತ. ಕೋಪದ ಮುಖ ಅಲ್ಲ. ಕೋಪದ ಮುಖ ಆಗಿದ್ದರೆ ನಾನೂ ನಾಲ್ಕು ಮಾತು ಹೇಳುತ್ತಿದ್ದೆ.

“ದೇವದಾಸಣ್ಣ” ಅಂದ, “ನೀವು ಮುಂದಿನ ಬಸ್ಸಿಗೆ ಬನ್ನಿ.”

ನಾನು ಕಾಲು ತೆಗೆದೆ. ಮುಂದಿನ ಬಸ್ಸಿಗೆ ಬಂದೆ.